ಮದ್ದಿನ ಹತ್ತು ದಿನ

ಫೆಬ್ರವರಿ 3

ಚೂಟಿಗೆ,

ಮೊದಲು ಡಬ್ಬಿಯನ್ನು ಫ್ರಿಜ್ಜಿನಲ್ಲಿಡು, ಆಮೇಲೆ ಕಾಗದ ಓದು. ಒಳಗೆ ಐಸಿನ ಮಧ್ಯೆ ಎರಡು ಗೆಂಡೆ ಮೀನಿವೆ. ಹಿಡಿದಾಗ ಉಸಿರಿತ್ತು. ಬಸ್ಸಿನ ಕಂಡಕ್ಟರು "ಒಳಗೇನು?" ಅಂದ. "ಪೇಷೆಂಟು" ಅಂದೆ. ನಗಲಿಲ್ಲ, ಲಗೇಜಿನ ಟಿಕೆಟ್ ಹರಿದು ಕೊಟ್ಟ.

ನೀನು ಮೀನಿನ ರೋಗ ನೋಡುವ ಪ್ರಯೋಗಾಲಯಕ್ಕೆ ಸೇರಿ ಇಪ್ಪತ್ತು ವರ್ಷವಾಯಿತು. ನಾನು ಒಂದು ದಿನವೂ ಒಂದು ಮೀನು ಕಳಿಸಿದವನಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಹೆಂಡತಿಯ ತಂಗಿ ಅಂದರೆ ಮನೆಗೆ ಬಂದು ಹೋಗುವವಳು, ಅವಳಿಗೆ ಮೀನಿನ ಹುಣ್ಣು ತೋರಿಸುವುದೇ ಅಂತ ಇದ್ದೆ. ಈಗ ನೀನು ಬಂದು ಹೋಗುವವಳೂ ಅಲ್ಲ. ಅದಿರಲಿ. ಫೋನ್ ಮಾಡೋಣ ಅಂದುಕೊಂಡೆ. ನನ್ನ ಬಲಗಿವಿ ಪೂರ್ತಿ ರಿಟೈರ್ ಆಗಿದೆ, ಎಡಗಿವಿ ಪಾರ್ಟ್ ಟೈಮ್ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಕಾಲೇಜಿನಲ್ಲಿ ನಮ್ಮ ಪ್ರೊಫೆಸರು "ಅಬ್ಸರ್ವೇಷನ್, ದೆನ್ ಇನ್ಫರೆನ್ಸ್" ಅನ್ನುತ್ತಿದ್ದರು. ಮಧ್ಯೆ ಇನ್ನೊಂದು ಏನೋ ಇತ್ತು, ನಾನು ಎರಡನೇ ವರ್ಷಕ್ಕೇ ಬಿಟ್ಟವನು, ನೆನಪಿಲ್ಲ. ಅಬ್ಸರ್ವೇಷನ್: ಮೂರನೇ ಕೊಳದಲ್ಲಿ ನಲವತ್ತೊಂದು ತಾಯಿಮೀನು ಇದ್ದವು. ಮೊಟ್ಟೆ ಇಡಿಸಿ ಮರಿ ಮಾಡಿಸಲೆಂದೇ ನಿನ್ನಕ್ಕ ಬೆರಳುದ್ದದಿಂದ ಸಾಕಿದವು. ಆರು ವರ್ಷದವು. ಜನವರಿ ಮಧ್ಯದಲ್ಲಿ ಒಂದರ ಪಕ್ಕೆಯಲ್ಲಿ ಕೆಂಪು ಚುಕ್ಕೆ ಕಂಡಿತು. ನಾಲ್ಕು ದಿನದಲ್ಲಿ ಅದು ಹುಣ್ಣಾಯಿತು, ಮಾಂಸ ಕಾಣುವಷ್ಟು. ಮದ್ದಿನ ಅಂಗಡಿಯವನು ಆಕ್ಸಿಟೆಟ್ರಾಸೈಕ್ಲಿನ್ ಕೊಟ್ಟ. ಫೀಡಿಗೆ ಕಲಸಿ ಹತ್ತು ದಿನ ತಪ್ಪದೆ ಹಾಕಿದೆ. ನಾಲ್ಕು ಸತ್ತವು. ನಿನಗೆ ಕಳಿಸಿದ ಎರಡು ಬಿಟ್ಟರೆ ಉಳಿದದ್ದು ಮೂವತ್ತೈದು. ಇನ್ಫರೆನ್ಸ್ ನೀನು ಹೇಳು.

ಇಲಾಖೆಯ ಇನ್‌ಸ್ಪೆಕ್ಟರು ಬಂದಿದ್ದರು. ಕೆಟ್ಟ ಮನುಷ್ಯನಲ್ಲ, ಬೂಟು ಕೊಳದ ಹೊರಗೇ ಬಿಟ್ಟು ಬಂದರು. ಆದರೆ ಕಾಗದ ಕೊಟ್ಟು ಹೋದರು. ನಮ್ಮ ಕೊಳದ ನೀರು ಕಾಲುವೆಗೆ ಹೋಗುತ್ತದೆ, ಕೆಳಗೆ ಇನ್ನೂ ಏಳು ಮನೆಯವರ ಕೊಳಗಳಿವೆ. ಮಾರ್ಚ್ ಹದಿನೈದರೊಳಗೆ ಸಾವು ನಿಲ್ಲಬೇಕು. ಇಲ್ಲದಿದ್ದರೆ ಮೂರನೇ ಕೊಳದಲ್ಲಿ ಬದುಕಿರುವವನ್ನೂ ಸೇರಿಸಿ ಎಲ್ಲ ಕೊಂದು, ಬ್ಲೀಚಿಂಗ್ ಪುಡಿ ಹಾಕಿ ಒಣಗಿಸಬೇಕು.

ಒಂದನೇ, ಎರಡನೇ ಕೊಳದ ಮೀನು ಹೋದರೆ ವ್ಯಾಪಾರ ಹೋಯಿತು ಅನ್ನುತ್ತಿದ್ದೆ. ಮೂರನೆಯದು ಹಾಗಲ್ಲ. ನಿನಗೆ ಗೊತ್ತು.

ನಿನ್ನ ಭಾವ


ಫೆಬ್ರವರಿ 9

ಭಾವ,

ಡಬ್ಬಿ ಸರಿಯಾಗಿ ಬಂತು.

ಎರಡೂ ಮೀನಿನ ಮೂತ್ರಪಿಂಡದಲ್ಲಿ ರೋಗಾಣು ಸಿಕ್ಕಿದೆ. ಕೊಳದ ನೀರಿನಲ್ಲಿ ಯಾವಾಗಲೂ ಇರುವಂಥದ್ದೇ, ಮೀನು ಸೋತಾಗ ಮೇಲೇರುತ್ತದೆ. ಅದನ್ನು ತಟ್ಟೆಯಲ್ಲಿ ಬೆಳೆಸಿ, ನಿಮ್ಮ ಮದ್ದಿನದೇ ಚಿಕ್ಕ ಬಿಲ್ಲೆಯನ್ನು ನಡುವೆ ಇಟ್ಟು ನೋಡಿದೆ. ಮದ್ದು ಹಿಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಖಾಲಿ ಉಂಗುರ ಉಳಿಯುತ್ತದೆ. ನಿಮ್ಮದರಲ್ಲಿ ಉಂಗುರ ಇಪ್ಪತ್ತೆರಡು ಮಿಲಿಮೀಟರ್. ಒಳ್ಳೆಯ ಉಂಗುರ.

ಅಂದರೆ ರೋಗ ಇದೇ, ಮದ್ದೂ ಇದೇ. ತಟ್ಟೆಯಲ್ಲಿ ಕೆಲಸ ಮಾಡುವ ಮದ್ದು ಕೊಳದಲ್ಲಿ ಮಾಡಿಲ್ಲ. ತಪ್ಪು ನಡುವೆ ಎಲ್ಲೋ ಇದೆ. ಇವಕ್ಕೆ ಉತ್ತರ ಬರೆಯಿರಿ: ಮೀನಿನ ತೂಕ ಎಷ್ಟು, ತೂಗಿದ್ದು ಯಾವಾಗ? ದಿನಕ್ಕೆ ಎಷ್ಟು ಗ್ರಾಂ ಮದ್ದು, ಎಷ್ಟು ಫೀಡಿಗೆ? ಕಲಸುವುದು ಹೇಗೆ? ಫೀಡಿನಲ್ಲಿ ಏನೇನಿದೆ? ಹಾಕಿದ ಮೇಲೆ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ? ತಿನ್ನಲು ಬರದ ಮೀನು ಎಷ್ಟು?

ಊಹಿಸಿ ಬರೆಯಬೇಡಿ. ನೋಡಿ ಬರೆಯಿರಿ.

ಚೂಟಿ


ಫೆಬ್ರವರಿ 14

ಚೂಟಿಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಕ್ವೆಶ್ಚನ್ ಪೇಪರ್ ಬಂದ ಹಾಗಿತ್ತು. ಚಾಯ್ಸ್ ಕೂಡ ಇಟ್ಟಿಲ್ಲ ನೀನು.

ತೂಕದ ವಿಷಯಕ್ಕೆ ಮೊದಲು ಬರುತ್ತೇನೆ, ಯಾಕೆಂದರೆ ಅಲ್ಲೇ ನನ್ನ ಮಾನ ಹೋಗಿದೆ. ನಿನ್ನಕ್ಕನ ನೋಟ್‌ಬುಕ್ಕಿನಲ್ಲಿ "ತಲಾ ಎರಡೂವರೆ ಕೆಜಿ" ಅಂತಿತ್ತು, ಅದನ್ನೇ ಹಿಡಿದು ಮದ್ದಿನ ಲೆಕ್ಕ ಹಾಕಿದ್ದೆ. ನಿನ್ನ ಕಾಗದ ಓದಿದ ಮೇಲೆ ತಾರೀಕು ನೋಡಿದೆ. ಅದು ಎರಡು ವರ್ಷ ಹಿಂದಿನದು. ಮೀನು ನಮ್ಮ ಹಾಗೆ ನೋಟ್‌ಬುಕ್ ನೋಡಿಕೊಂಡು ಬೆಳೆಯುವುದಿಲ್ಲವಲ್ಲ. ಪಕ್ಕದ ಕೊಳದ ಮೀಸೆಯವನನ್ನು ಕರೆದು ಬಲೆ ಎಳೆಸಿದೆ. (ಮೀಸೆ ತೆಗೆದು ಎಂಟು ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ.) ಅವನು ತಕ್ಕಡಿ ಹಿಡಿದ, ನಾನು ಒದ್ದೆ ಗೋಣಿಯಲ್ಲಿ ಮೀನು ಹಿಡಿದೆ. ಮೊದಲನೆಯದು ನನ್ನ ಕೆನ್ನೆಗೆ ಬಾಲದಲ್ಲಿ ಬಾರಿಸಿತು. "ಅಣ್ಣ, ಅದಕ್ಕೆ ನಿಮ್ಮ ಲೆಕ್ಕದ ವಿಷಯ ಗೊತ್ತಾಗಿದೆ" ಅಂದ ಮೀಸೆ. ಐದು ತೂಗಿದೆವು. ಸರಾಸರಿ ನಾಲ್ಕು ಕೆಜಿ ನಾನೂರು ಗ್ರಾಂ.

ಕಲಸುವುದು ಸರಿಯಾಗಿಯೇ ಇದೆ. ಮದ್ದನ್ನು ಎಣ್ಣೆಯಲ್ಲಿ ಕದಡಿ ಫೀಡಿನ ಕಾಳಿಗೆ ಹಚ್ಚಿ ನೆರಳಲ್ಲಿ ಒಣಗಿಸುತ್ತೇನೆ. ಸುಮ್ಮನೆ ಪುಡಿ ಉದುರಿಸಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ, ಅಷ್ಟು ನನಗೂ ತಿಳಿಯುತ್ತದೆ. ದಿನಕ್ಕೆ ಮೂರು ಕೆಜಿ ಫೀಡು. ಇಪ್ಪತ್ತು ನಿಮಿಷದಲ್ಲಿ ಖಾಲಿ.

ಫೀಡಿನಲ್ಲಿ ಏನಿದೆ ಅಂದರೆ ಮಾಮೂಲಿ. ನಿನ್ನಕ್ಕ ಮಾಡುತ್ತಿದ್ದ ಹಾಗೇ ಮಾಡುತ್ತೇನೆ. ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆ ಇಲ್ಲ.

ತಿನ್ನಲು ಬರದವನ್ನು ಎಣಿಸಲು ನೀನು ಹೇಳಿದ ಮೇಲೇ ಕೂತೆ. ಮೂಲೆಯಲ್ಲಿ, ನೀರು ಒಳಗೆ ಬರುವ ಕೊಳವೆಯ ಹತ್ತಿರ, ಏಳೆಂಟು ತಲೆ ತಗ್ಗಿಸಿ ನಿಂತೇ ಇರುತ್ತವೆ. ಮಿಕ್ಕವು ಮುಗಿಬಿದ್ದು ತಿನ್ನುತ್ತವೆ.

ಈ ಮಧ್ಯೆ ಇನ್ನೆರಡು ಹೋದವು. ಮೂವತ್ಮೂರು.

ನಿನ್ನ ಕಾಗದದಲ್ಲಿ ಮೀನಿನ ಕ್ಷೇಮ ಸಮಾಚಾರ ಎಲ್ಲ ಇತ್ತು.

ನಿನ್ನ ಭಾವ


ಫೆಬ್ರವರಿ 18

ಭಾವ,

ತೂಕದಲ್ಲಿ ಒಂದು ತಪ್ಪು ಸಿಕ್ಕಿತು. ಮೊದಲ ಸಲ ನೀವು ಕೊಟ್ಟದ್ದು ಬೇಕಾದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಈಗಿರುವ ಮೂವತ್ಮೂರಕ್ಕೆ ದಿನಕ್ಕೆ ಹನ್ನೊಂದು ಗ್ರಾಂ ಮದ್ದು ಬೇಕು. ಹತ್ತು ದಿನ. ಹುಷಾರಾದ ಹಾಗೆ ಕಂಡರೂ ಮಧ್ಯೆ ನಿಲ್ಲಿಸಬೇಡಿ.

ಎರಡನೆಯದು, ಮೂಲೆಯಲ್ಲಿ ನಿಂತಿರುವವು. ಕಾಯಿಲೆಯ ಮೀನು ಮೊದಲು ಬಿಡುವುದೇ ಊಟವನ್ನು. ಮದ್ದು ಇರುವುದು ಊಟದಲ್ಲಿ. ಆದ್ದರಿಂದ ಗಟ್ಟಿಮುಟ್ಟಾದವು ಎರಡು ಪಾಲು ಮದ್ದು ತಿನ್ನುತ್ತವೆ, ಬೇಕಾದವಕ್ಕೆ ಒಂದು ಕಾಳೂ ಸಿಗುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಮೀನು ಸಾಕುವವರನ್ನು ನೋಡಿಯೇ ಹುಟ್ಟಿರಬೇಕು. ಮೂಲೆಯವಕ್ಕೆ ಬಲೆಯ ಅಡ್ಡಗೋಡೆ ಕಟ್ಟಿ, ಅವುಗಳ ಮುಂದೆಯೇ ಸ್ವಲ್ಪ ಸ್ವಲ್ಪ ಹಾಕಿ ನೋಡಿ.

ಒಂದು ಎಚ್ಚರಿಕೆ. ಅರೆಬರೆ ಮದ್ದು ರೋಗಾಣುವನ್ನು ಕೊಲ್ಲುವುದಿಲ್ಲ, ತರಬೇತಿ ಕೊಡುತ್ತದೆ. ಈ ಸಲ ಸರಿಯಾಗಬೇಕು.

"ಮಾಮೂಲಿ" ಅಂದರೆ ಏನು ಅಂತ ನೀವು ಬರೆದಿಲ್ಲ. ದಯವಿಟ್ಟು ಬರೆಯಿರಿ.

ಚೂಟಿ


ಮಾರ್ಚ್ 2

ಚೂಟಿಗೆ,

ಹತ್ತು ದಿನವೂ ಮುಗಿಯಿತು. ಫೆಬ್ರವರಿ ಇಪ್ಪತ್ತರಿಂದ ನಿನ್ನೆಯವರೆಗೆ, ದಿನಕ್ಕೆ ಹನ್ನೊಂದು ಗ್ರಾಂ, ಮೀಸೆಯ ಹೆಂಡತಿಯ ಹತ್ತಿರ ಚಿನ್ನ ತೂಗುವಂಥ ಸಣ್ಣ ತಕ್ಕಡಿ ಕೇಳಿ ತಂದು ತೂಗಿದ್ದೇನೆ. ಅಡ್ಡಗೋಡೆ ಕಟ್ಟಿದೆ. ಮೂಲೆಯವುಗಳ ಮುಂದೆ ಮೊಣಕಾಲುದ್ದ ನೀರಲ್ಲಿ ನಿಂತು ಕಾಳು ಕಾಳಾಗಿ ಹಾಕಿದೆ. ಕೆಲವು ತಿಂದವು. ತಿಂದವೂ ಸತ್ತವು ಚೂಟಿ. ಅದನ್ನು ಬರೆಯುವುದಕ್ಕೇ ಈ ಕಾಗದ. ಒಟ್ಟು ಐದು ಹೋದವು, ಐದನೆಯದನ್ನು ಉಸಿರಿರುವಾಗಲೇ ಐಸಿನಲ್ಲಿಟ್ಟು ಕಳಿಸಿದ್ದೇನೆ. ಇಪ್ಪತ್ತೆಂಟು.

ಮದ್ದಿನ ಅಂಗಡಿಗೆ ಹೋಗಿದ್ದೆ. "ನಿನ್ನ ಮದ್ದಿನಲ್ಲಿ ಮದ್ದೇ ಇಲ್ಲ" ಅಂದೆ.

"ಸ್ವಾಮಿ, ಸೀಲ್ ಒಡೆದದ್ದು ನೀವೇ" ಅಂದ.

"ಸೀಲಿನೊಳಗೆ ಸುಣ್ಣ ತುಂಬಿಸಿಟ್ಟರೆ ನನಗೇನು ಗೊತ್ತಾಗುತ್ತೆ?"

"ಇದೇ ಡಬ್ಬಿ ಕಾಲುವೆಯವರೆಲ್ಲ ಒಯ್ದಿದ್ದಾರೆ. ಹಿಡೀಲಿಲ್ಲ ಅಂತ ಡಬಲ್ ಒಯ್ತಿದ್ದಾರೆ, ಜಗಳಕ್ಕೆ ಬಂದವರು ನೀವೊಬ್ಬರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯವನಲ್ಲ, ನೇರವಾಗಿ ಮುಖ ನೋಡಿಯೇ ಮಾತಾಡಿದ. ಆದರೂ ಡಬ್ಬಿಯಲ್ಲಿ ಉಳಿದ ಪುಡಿಯನ್ನು ಜೊತೆಗೆ ಕಳಿಸಿದ್ದೇನೆ. ಹಿಯರ್‌ವಿತ್ ಎನ್‌ಕ್ಲೋಸ್ಡ್. ಟೆಸ್ಟ್ ಮಾಡು. ನೀರೂ ಒಂದು ಬಾಟಲಿ ಇದೆ. ನನ್ನನ್ನೂ ಟೆಸ್ಟ್ ಮಾಡಬೇಕೆಂದರೆ ಐಸಿನ ಡಬ್ಬಿ ಸಾಲದು.

ಫೀಡಿನಲ್ಲಿ ಏನಿದೆ ಏನಿದೆ ಅಂತ ಯಾಕೆ ಕೇಳುತ್ತೀಯ? ಅವಳು ಐದು ವರ್ಷ ಹಾಕಿದ್ದು ಅದೇ. ಒಂದು ಮೀನಿಗೂ ನೆಗಡಿಯಾಗಿರಲಿಲ್ಲ. ಅವಳು ಮಾಡಿಟ್ಟದ್ದನ್ನೆಲ್ಲ ಒಂದೊಂದಾಗಿ ತಟ್ಟೆಯಲ್ಲಿಟ್ಟು ನೋಡಬೇಕಾ? ನೀನು ನನ್ನ ಮೇಲೆ ಸಿಟ್ಟಿನಲ್ಲಿದ್ದೀಯ, ನನಗೆ ಗೊತ್ತು. ಹದಿನಾಲ್ಕು ತಿಂಗಳಾಯಿತು. ಅವಳನ್ನು ಮಸಣಕ್ಕೆ ಕಳಿಸಿದ ಮಾರನೇ ದಿನ ಹೋದವಳು ನೀನು ಮತ್ತೆ ಈ ಹೊಸಿಲು ತುಳಿದಿಲ್ಲ. ಎದೆನೋವು ಅಂದಾಗಲೇ ನಾನು ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು, ಗ್ಯಾಸ್ಟ್ರಿಕ್ ಅಂದುಕೊಂಡೆ ಅಂತ ತಾನೇ? ಅದಕ್ಕೆ ನನ್ನನ್ನು ಬೈ. ಅವಳ ಕೈಕೆಲಸದಲ್ಲಿ ಹುಳುಕು ಹುಡುಕಬೇಡ.

ಹದಿನೈದನೇ ತಾರೀಕಿಗೆ ಹದಿಮೂರು ದಿನ ಇದೆ.

ಭಾವ


ಮಾರ್ಚ್ 6

ಭಾವ,

ಮದ್ದು ಶುದ್ಧವಾಗಿದೆ. ಅಂಗಡಿಯವರದ್ದು ತಪ್ಪಿಲ್ಲ. ನೀರೂ ಸರಿಯಾಗಿದೆ.

ಉಂಗುರ ಹದಿನೇಳಕ್ಕೆ ಇಳಿದಿದೆ. ಹದಿನಾಲ್ಕಾದರೆ ಈ ಮದ್ದು ಈ ರೋಗಾಣುವಿಗೆ ನೀರಿನ ಹಾಗೆ. ನಿಮಗೆ ಮಾತ್ರವಲ್ಲ, ಕಾಲುವೆಯ ಕೆಳಗಿನವರಿಗೂ. ಇನ್ನೊಂದು ಸಲ ಕೊಡಬಹುದು. ಮತ್ತೆ ತಪ್ಪಿದರೆ ನಾಲ್ಕನೆಯ ಅವಕಾಶ ಇರುವುದಿಲ್ಲ.

ಈ ಸಲದ ಮೀನು ತಿಂದಿತ್ತು. ಕರುಳಿನಲ್ಲಿ ಫೀಡಿನ ಜೊತೆ ಬಿಳಿ ಹರಳುಪುಡಿ ಇತ್ತು. ಆಸಿಡ್ ಒಂದು ಹನಿ ಬಿಟ್ಟೆ, ನೊರೆ ಬಂತು.

ಅದೇನು ಭಾವ?

ಸಿಟ್ಟಿನ ವಿಷಯ ಇಲ್ಲಿ ಬೇಡ.

ಚೂಟಿ


ಮಾರ್ಚ್ 8

ಚೂಟಿಗೆ,

ಅದು ಮೊಟ್ಟೆ ಚಿಪ್ಪಿನ ಪುಡಿ. ನನ್ನ ಐಡಿಯಾ. ಬೇಕರಿಯಿಂದ ಚಿಪ್ಪು ತಂದು ಒಣಗಿಸಿ ಅರೆದು ಫೀಡಿಗೆ ಸೇರಿಸುತ್ತೇನೆ. ಹೋದ ವರ್ಷ ಶುರು ಮಾಡಿದೆ. ನಿನ್ನಕ್ಕನಿಗೂ ಅದಕ್ಕೂ ಸಂಬಂಧವಿಲ್ಲ. ಅದು ತಪ್ಪಾಗಿದ್ದರೆ ರಿಪೋರ್ಟಿನಲ್ಲಿ ನನ್ನ ಹೆಸರೇ ಬರೆ.

ಇನ್ನೊಂದು ಹೋಯಿತು. ಇಪ್ಪತ್ತೇಳು.

ಭಾವ


ಮಾರ್ಚ್ 10

ಭಾವ,

ಅದು ನಿಮ್ಮ ಐಡಿಯಾ ಅಲ್ಲ.

ಆರು ವರ್ಷದ ಹಿಂದೆ ಅಕ್ಕ ನನಗೊಂದು ಕಾಗದ ಬರೆದಿದ್ದಳು. ಮರಿಗಳಿಗೆ ಬೆನ್ನೆಲುಬು ಡೊಂಕಾಗುತ್ತಿದೆ, ಬೇಕರಿಯವರು ಎಸೆಯುವ ಮೊಟ್ಟೆ ಚಿಪ್ಪು ಅರೆದು ಹಾಕಿದರೆ ಹೇಗೆ ಅಂತ. ನಾನು ಕಾರ್ಡಿನಲ್ಲಿ ಒಂದು ಸಾಲು ಉತ್ತರ ಬರೆದೆ: "ಒಳ್ಳೆಯದೇ, ಹಾಕು." ಅದಕ್ಕೆ ಇನ್ನೊಂದು ಸಾಲು ಸೇರಿಸಬೇಕಿತ್ತು. ಮದ್ದು ಕೊಡುವ ದಿನಗಳಲ್ಲಿ ನಿಲ್ಲಿಸು ಅಂತ. ಆಗ ನಿಮ್ಮಲ್ಲಿ ಯಾರೂ ಮದ್ದು ಕೊಡುತ್ತಿರಲಿಲ್ಲ. ನನಗೆ ತೋಚಲೂ ಇಲ್ಲ.

ಚಿಪ್ಪು ಅಂದರೆ ಕ್ಯಾಲ್ಸಿಯಂ. ಹೊಟ್ಟೆಯೊಳಗೆ ಕ್ಯಾಲ್ಸಿಯಂ ಈ ಮದ್ದಿನ ಕೈ ಹಿಡಿದರೆ ಬಿಡುವುದಿಲ್ಲ. ಎರಡೂ ಜೊತೆಯಾಗಿ ಕರುಳಿನ ಗೋಡೆ ದಾಟಲಾರದೆ ಹಾಗೇ ಹೊರಗೆ ಹೋಗುತ್ತವೆ. ರಕ್ತಕ್ಕೆ ಸೇರುವುದು ಅಲ್ಪಸ್ವಲ್ಪ. ರೋಗಾಣುವನ್ನು ಕೊಲ್ಲಲು ಸಾಲದು, ಕಲಿಸಲು ಸಾಕು. ನೀವು ಮದ್ದನ್ನು ತಪ್ಪದೆ ಕೊಟ್ಟಿರಿ, ಪುಡಿಯನ್ನೂ ತಪ್ಪದೆ ಕೊಟ್ಟಿರಿ.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ನೀವು ಫೆಬ್ರವರಿ ಹದಿನಾಲ್ಕರಂದು "ನಿನ್ನಕ್ಕ ಮಾಡುತ್ತಿದ್ದ ಹಾಗೇ" ಅಂತ ಬರೆದಾಗಲೇ ನನಗೆ ಆ ಕಾರ್ಡು ನೆನಪಾಯಿತು. "ಚಿಪ್ಪಿನ ಪುಡಿ ಹಾಕುತ್ತೀರಾ?" ಅಂತ ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. "ಮಾಮೂಲಿ ಅಂದರೆ ಏನು" ಅಂತ ಕೇಳಿದೆ. ನೀವು ಬೇರೆ ಏನಾದರೂ ಬರೆಯಲಿ ಅಂತ ಕಾದೆ. ಅಷ್ಟರಲ್ಲಿ ಆರು ಮೀನು ಹೋದವು, ಉಂಗುರ ಐದು ಮಿಲಿಮೀಟರ್ ಇಳಿಯಿತು. ನೀವು ಅವಳನ್ನು ಕಾಯಲು ಹೋದಿರಿ, ನಾನು ನನ್ನನ್ನು.

ಇನ್‌ಸ್ಪೆಕ್ಟರಿಗೆ ವರದಿ ಕಳಿಸಿದ್ದೇನೆ. ಚಿಕಿತ್ಸೆ ಯಾಕೆ ಹಿಡಿಯಲಿಲ್ಲ ಅಂತ ಪೂರ್ತಿ ಬರೆದಿದ್ದೇನೆ, ನನ್ನ ಕಾರ್ಡಿನ ವಿಷಯವನ್ನೂ. ಫೋನಿನಲ್ಲಿ ಮಾತಾಡಿದೆ. ಇಪ್ಪತ್ತೈದರವರೆಗೆ ಸಮಯ ಕೊಟ್ಟಿದ್ದಾರೆ.

ಕಾಗದವನ್ನು ಇವತ್ತಿನ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ, ಸಿಕ್ಕ ಕೂಡಲೇ ಪುಡಿ ನಿಲ್ಲಿಸಿ. ಪುಡಿ ಸೇರಿದ ಫೀಡು ಎಷ್ಟಿದ್ದರೂ ಚೆಲ್ಲಿ. ಎರಡು ದಿನ ಮೀನು ಉಪವಾಸವಿರಲಿ, ಹೊಟ್ಟೆ ಖಾಲಿಯಾಗಲಿ. ಹನ್ನೆರಡರಿಂದ ಹೊಸ ಹತ್ತು ದಿನ. ತಿನ್ನದೆ ನಿಂತಿರುವವನ್ನು ಸಿಮೆಂಟ್ ತೊಟ್ಟಿಗೆ ತನ್ನಿ. ಅವಕ್ಕೆ ಫೀಡಿನಿಂದ ಪ್ರಯೋಜನವಿಲ್ಲ, ಸೂಜಿಯಲ್ಲೇ ಕೊಡಬೇಕು. ಅದು ಪತ್ರದಲ್ಲಿ ಕಲಿಸುವ ಕೆಲಸವಲ್ಲ. ಹನ್ನೊಂದನೇ ತಾರೀಕಿನ ಬಸ್ಸಿಗೆ ನಾನು ಬರುತ್ತೇನೆ.

ಸಿಟ್ಟಿಲ್ಲ ಭಾವ. ಗ್ಯಾಸ್ಟ್ರಿಕ್ ಅಂತ ಅವಳು ನನಗೂ ಹೇಳಿದ್ದಳು. ಬರದೇ ಇದ್ದದ್ದಕ್ಕೆ ಕಾರಣ, ಬಂದರೆ ಅಡುಗೆಮನೆಯಲ್ಲಿ ಅವಳು ಇರುವುದಿಲ್ಲ. ಅಷ್ಟೇ.

ಚೂಟಿ


ಮಾರ್ಚ್ 27

ಚೂಟಿಗೆ,

ನೀನು ಹದಿನೆಂಟಕ್ಕೆ ಬಸ್ಸು ಹತ್ತಿದ ಮೇಲೆ ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ. ನಾನು ಕ್ರಮವಾಗಿ ಬರೆಯುತ್ತೇನೆ ಅಂದರೆ ಅದಕ್ಕೇ ಎರಡು ಪುಟ ಬೇಕು, ತಾಳ್ಮೆಯಿಂದ ಓದು.

ತೊಟ್ಟಿಯಲ್ಲಿ ನೀನು ಮೂರು ಸಲ ಸೂಜಿ ಹಾಕಿದ ಒಂಬತ್ತರಲ್ಲಿ ಆರು ಉಳಿದವು. ಮೂರು ಹೋದವು. ಕೊನೆಯದು ಇಪ್ಪತ್ತಕ್ಕೆ ಹೋಯಿತು, ಹೋಗುವ ಮೊದಲು ಒಂದು ಸುತ್ತು ಈಜಿತು, ಬದುಕಿತು ಅಂದುಕೊಂಡೆ. ಕೊಳದಲ್ಲಿ ಮದ್ದು ತಿಂದ ಹದಿನೆಂಟರಲ್ಲಿ ಒಂದೂ ಹೋಗಿಲ್ಲ. ಹುಣ್ಣಿನ ಅಂಚು ಒಳಗೆ ಸರಿದು ಬೂದು ಬಣ್ಣದ ಚರ್ಮ ಕೂತಿದೆ, ಕೆಲವಕ್ಕೆ ಹುರುಪೆ ಇನ್ನೂ ಬಂದಿಲ್ಲ. ನೋಡಲು ಚೆನ್ನಾಗಿಲ್ಲ. ಒಟ್ಟು ಇಪ್ಪತ್ತನಾಲ್ಕು. ನಲವತ್ತೊಂದರಲ್ಲಿ ಇಪ್ಪತ್ತನಾಲ್ಕು ಅಂದರೆ ಕಾಲೇಜಿನಲ್ಲಿ ಸೆಕೆಂಡ್ ಕ್ಲಾಸ್ ಸಿಗುತ್ತಿತ್ತು. ನನಗೆ ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರು ಇಪ್ಪತ್ತೈದಕ್ಕೆ ಬಂದರು. ಬೂಟು ಬಿಟ್ಟು, ಪ್ಯಾಂಟು ಮಡಿಸಿ ನೀರಿಗೇ ಇಳಿದರು. ಕೊಳ ಮುಚ್ಚುವ ಕಾಗದ ವಾಪಸ್ ತೆಗೆದುಕೊಂಡರು. ಮೂರು ತಿಂಗಳು ಒಂದು ಮೀನೂ ಹೊರಗೆ ಹೋಗಬಾರದು ಅಂತ ಹೊಸ ಕಾಗದ ಕೊಟ್ಟರು. ಅವರ ಹತ್ತಿರ ಕಾಗದ ಮುಗಿಯುವುದೇ ಇಲ್ಲ. ನಿನ್ನ ವರದಿಯನ್ನು ಎರಡು ಸಲ ಓದಿದರಂತೆ. "ತನ್ನ ತಪ್ಪನ್ನು ತಾನೇ ಬರೆದು ಸಹಿ ಹಾಕಿದ ವರದಿ ನಾನು ಇದೊಂದೇ ನೋಡಿದ್ದು" ಅಂದರು. ಎಡಗಿವಿಗೆ ರಜೆ ಅನ್ನುವ ಹಾಗೆ ಮುಖ ಮಾಡಿದೆ.

ನೀನು ಇಲ್ಲಿದ್ದ ಏಳು ದಿನ ನಾವು ಮೀನು ಬಿಟ್ಟು ಬೇರೆ ಮಾತಾಡಲಿಲ್ಲ. ಮೊದಲ ಎರಡು ದಿನ ನೀನು ಕುಡಿಯುವ ನೀರಿಗೂ ಹೊರಗಿನ ನಲ್ಲಿಗೇ ಹೋದೆ. ಮೂರನೇ ದಿನ ಒಳಗೆ ಹೋಗಿ ಒಲೆ ಹಚ್ಚಿದ ಶಬ್ದ ಕೇಳಿತು. ನಾನು ತೊಟ್ಟಿಯ ಹತ್ತಿರವೇ ಇದ್ದೆ. ಬರಲಿಲ್ಲ. ಬಂದಿದ್ದರೆ ಏನಾದರೂ ಹೇಳಬೇಕಾಗುತ್ತಿತ್ತು.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀನು ಹೇಳಿ ಹೋದ ಕೆಲಸ ನಾನು ಕೂಡಲೇ ಮಾಡಲಿಲ್ಲ. "ವರದಿಯಲ್ಲಿ ನಾನು ಬರೆದಾಯ್ತು, ಕಾಲುವೆಯವರಿಗೆ ನೀವು ಹೇಳಬೇಕು" ಅಂದೆಯಲ್ಲ, ಅದು. ಯಾಕೆ ಮಾಡಲಿಲ್ಲ ಅಂತ ಈಗ ಬರೆಯುತ್ತೇನೆ, ನಿನಗೆ ಇದು ಗೊತ್ತಿಲ್ಲ. ಆ ಪುಡಿ ನಮ್ಮ ಕೊಳದಲ್ಲಿ ಮಾತ್ರ ಇಲ್ಲ. ಅವಳು ಏಳು ಮನೆಗೂ ಹೇಳಿಕೊಟ್ಟಿದ್ದಾಳೆ. ಬೇಕರಿಯವನು ಚಿಪ್ಪನ್ನು ಈಗ ಎಂಟು ಚೀಲ ಮಾಡಿ ಇಟ್ಟಿರುತ್ತಾನೆ. ಇಲ್ಲಿ ಅದಕ್ಕೆ "ಅಕ್ಕನ ಪುಡಿ" ಅಂತಲೇ ಹೆಸರು. ಅವಳು ಹೋದ ಮೇಲೆ ಯಾರೂ ಬಂದು ನನ್ನ ಹತ್ತಿರ ಅವಳ ವಿಷಯ ಮಾತಾಡುವುದಿಲ್ಲ, ಮುಜುಗರ. ಆದರೆ ಬೇಕರಿಯ ಮುಂದೆ ದಿನಾ ಯಾರಾದರೂ "ಅಕ್ಕನ ಪುಡಿಗೆ ಚಿಪ್ಪು ಕೊಡಪ್ಪ" ಅನ್ನುತ್ತಾರೆ. ನಾನು ಬೇಕರಿಗೆ ಹೋಗುವುದು ಬ್ರೆಡ್ಡಿಗಲ್ಲ. ಅದಕ್ಕೇ ನಿನಗೆ ಸುಳ್ಳು ಬರೆದೆ.

ನಿನ್ನೆ ಬೆಳಗ್ಗೆ ಮೀಸೆ ಬಂದ. ಅವನ ಕೊಳದಲ್ಲಿ ಹುಣ್ಣು ಶುರುವಾಗಿ ಆರು ದಿನ. ನನಗೆ ಹೇಳಿರಲಿಲ್ಲ. ಎರಡು ಪಟ್ಟು ಮದ್ದು ಹಾಕುತ್ತಿದ್ದಾನೆ, ಹಿಡಿಯುತ್ತಿಲ್ಲ. "ಮೂರು ಪಟ್ಟು ಮಾಡಲಾ ಅಣ್ಣ?" ಅಂತ ಕೇಳಲು ಬಂದಿದ್ದ. ನನ್ನ ಮೀನು ಉಳಿದದ್ದನ್ನು ನೋಡಿ, ನಾನು ಹಾಗೇ ಮಾಡಿರಬೇಕು ಅಂದುಕೊಂಡಿದ್ದಾನೆ.

ಸಂಜೆ ಎಲ್ಲರನ್ನೂ ಪಂಪ್‌ಹೌಸಿಗೆ ಕರೆಸಿದೆ. ಏಳು ಮನೆಯವರೂ ಬಂದರು. ಮೋಟರ್ ಆಫ್ ಮಾಡಿಸಿ, ಪೈಪಿನ ಮೇಲೆ ಕೂರಿಸಿ, ನೀನು ಬರೆದದ್ದನ್ನು ನನ್ನ ಮಾತಿನಲ್ಲಿ ಹೇಳಿದೆ. ಕ್ಯಾಲ್ಸಿಯಂ ಅಂದೆ, ಅಬ್ಸಾರ್ಪ್ಷನ್ ಅಂದೆ, ಯಾರಿಗೂ ಹತ್ತಲಿಲ್ಲ. ಆಮೇಲೆ "ಪುಡಿ ಮದ್ದನ್ನ ಹಿಡ್ಕೊಂಡು ಬಿಡ್ತದೆ, ಮೈಗೆ ಹತ್ತೋಕೆ ಬಿಡಲ್ಲ" ಅಂದೆ. ಹತ್ತಿತು.

ಮೀಸೆಯ ಹೆಂಡತಿ ಕೇಳಿದಳು: "ಹಂಗಾದ್ರೆ ಅಕ್ಕ ಹೇಳಿಕೊಟ್ಟಿದ್ದು ತಪ್ಪಾ ಅಣ್ಣ?"

ಈ ಪ್ರಶ್ನೆಗೆ ಹೆದರಿಯೇ ನಾನು ಏಳು ಜನರಿಗೆ ಎಂಟು ದಿನ ಮುಖ ತಪ್ಪಿಸಿದ್ದು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಪುಡಿ ತಪ್ಪಲ್ಲಮ್ಮ" ಅಂದೆ. "ಮದ್ದಿನ ಹತ್ತು ದಿನ ಹಾಕಿದ್ದು ತಪ್ಪು. ಅವಳಿದ್ದಾಗ ನಮ್ಮಲ್ಲಿ ಮದ್ದೇ ಇರ್ಲಿಲ್ಲ. ಮದ್ದು ತಂದವನು ನಾನು, ಹಾಕಿದವನೂ ನಾನು. ಆರು ವಾರದ ಹಿಂದೆ ನನ್ನನ್ನ ಕೇಳಿದಾಗ ಬಾಯಿ ಬಿಟ್ಟಿದ್ರೆ ನಿಮ್ಮ ಮೀನೂ ಉಳೀತಿದ್ವು."

"ಬಾಯಿ ಬಿಡೋದು ಅಂದ್ರೆ ನಿಮಗೆ ಯಾವತ್ತು ಕಷ್ಟ ಆಗಿತ್ತು ಅಣ್ಣ?" ಅಂದ ಮೀಸೆ. ಒಬ್ಬಿಬ್ಬರು ನಕ್ಕರು. ನಾನು ನಗಲಿಲ್ಲ, ಅವನೂ ನಗಲಿಲ್ಲ.

ಆಮೇಲೆ ಎದ್ದು ಹೋದ. ಬೇಜಾರಾಗಿ ಹೋದ ಅಂದುಕೊಂಡೆ. ಹಿಂದಿನಿಂದ ನಾನೂ ಹೋಗಿ ಬೇಲಿಯ ಈಚೆ ನಿಂತೆ. ಶೆಡ್ಡಿನಿಂದ ಕಲಸಿಟ್ಟ ಫೀಡಿನ ಬಕೆಟ್ಟುಗಳನ್ನು ತಂದು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದ. ಮೂರು ಬಕೆಟ್ಟು. ಮೂರನೆಯದರ ತಳವನ್ನು ಕೈಯಿಂದ ತಟ್ಟಿ ತಟ್ಟಿ ಖಾಲಿ ಮಾಡಿದ. ಅವನ ಹೆಂಡತಿ ಒಂದು ಡಬ್ಬಿಯಲ್ಲಿ ಪುಡಿಯನ್ನು ಬೇರೆ ತೆಗೆದು, ಮುಚ್ಚಳ ಬಿಗಿದು, ಮೇಲಿನ ಹಲಗೆಯಲ್ಲಿಟ್ಟಳು.

ನನ್ನನ್ನು ನೋಡಿ, "ಇವತ್ತು ನಾಳೆ ಉಪವಾಸ ತಾನೇ ಅಣ್ಣ?" ಅಂದ.

"ಹೌದು" ಅಂದೆ.

"ನಾಡಿದ್ದಿಂದ ಒಂದನೇ ದಿನ. ನಾಡಿದ್ದು ಬೆಳಗ್ಗೆ ಆರಕ್ಕೆ ಬನ್ನಿ. ಮೊದಲು ತೂಗಬೇಕಲ್ಲ."

ಉಂಗುರ ಈಗ ಎಷ್ಟಿದೆ, ಅವನ ಮೀನಿಗೆ ಈ ಮದ್ದು ಇನ್ನೂ ಹಿಡಿಯುತ್ತದಾ, ಗೊತ್ತಿಲ್ಲ. ಅವನದೊಂದು ಮೀನನ್ನು ಈ ಕಾಗದದ ಜೊತೆ ಕಳಿಸಿದ್ದೇನೆ, ಉಸಿರಿತ್ತು. ಬೇಗ ನೋಡಿ ಬರೆ.

ನಿನ್ನ ಭಾವ